ಓದದೆ ನೋಡಿಬಂದ ಕೊರ್ದೊಬಾ

ನನ್ನ ತಂಗಿ ನನಗಾಗಿ ಒಂದು ಪುಸ್ತಕ ಬರೆದುಕೊಟ್ಟಳು. ನಾನು ಅದನ್ನು ಓದಲಿಲ್ಲ. ಓದಿದೆ ಎಂದು ಹೇಳಿದೆ. ಅದೂ ಒಂದು ಸಲ ಅಲ್ಲ, ಎರಡು ಸಲ ಓದಿದೆ ಎಂದು ಹೇಳಿದೆ. ಆ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಅವಳು, ಬಾಯಿಬಿಟ್ಟು ಕೇಳಲಾರದ ಒಂದು ಮಾತನ್ನು ಕೇಳಿದ್ದಳು: ಇನ್ನು ಮುಂದೆ ನಾವಿಬ್ಬರೂ ಒಂದೇ ಮನೆಯಲ್ಲಿ ಇರಬಹುದೇ ಎಂದು. ಓದದ ನಾನು ಉತ್ತರ ಕೊಡಲಿಲ್ಲ. ಉತ್ತರ ಸಿಗದ ಅವಳು, ಅಕ್ಕನಿಗೆ ಮನಸ್ಸಿಲ್ಲ ಎಂದು ತಿಳಿದುಕೊಂಡಳು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ಹರಟೆ. ಪುರುಸೊತ್ತಿದ್ದರೆ ಕೂತು ಕೇಳಿ.

ಪುಸ್ತಕ ಎಂದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗಟ್ಟಿ ರಟ್ಟಿನ ನೀಲಿ ನೋಟುಬುಕ್ಕು. ವಿಮಲಾ, ಎಂದರೆ ನನ್ನ ತಂಗಿ, ಮೂವತ್ತು ವರ್ಷ ಇಲ್ಲಿ ಅಮೆರಿಕದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜನರ ಕೈಯಿಂದ ರಕ್ತ ತೆಗೆದು, ಈಗ ರಿಟೈರಾಗಿ ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಇದ್ದಾಳೆ. ಅವಳ ಗಂಡ, ನನ್ನ ಭಾವ, ತೀರಿಹೋಗಿ ಎರಡು ವರ್ಷ ದಾಟಿತು. ಮಗಳು ನಿಶಾ ಸಿಯಾಟಲ್‌ನಲ್ಲಿ. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಅವಳೊಬ್ಬಳೇ. ಹೋದ ಜನವರಿಯಲ್ಲಿ ನಾವಿಬ್ಬರೂ ಸ್ಪೇನ್ ದೇಶದ ಕೊರ್ದೊಬಾ ಎಂಬ ಹಳೆಯ ಊರಿಗೆ ಹೋಗುವುದೆಂದು ಅವಳೇ ನಿರ್ಧರಿಸಿದಳು. ಅಲ್ಲಿ ಕಿವಿಗೆ ಹಾಕಿಕೊಂಡರೆ ಎಲ್ಲವನ್ನೂ ವಿವರಿಸುವ ಒಂದು ಯಂತ್ರ ಬಾಡಿಗೆಗೆ ಸಿಗುತ್ತದೆ. ಅದು ಎಷ್ಟೋ ಭಾಷೆಯಲ್ಲಿ ಮಾತಾಡುತ್ತದೆ, ಕನ್ನಡ ಮಾತ್ರ ಇಲ್ಲ.

“ನಿನಗೆ ಇಂಗ್ಲಿಷು ಕೇಳಿ ಕೇಳಿ ತಲೆನೋವು ಬರ್ತದೆ ಅಕ್ಕ. ನಾನೇ ಕನ್ನಡದಲ್ಲಿ ಬರೆದುಕೊಡ್ತೇನೆ, ಓದಿಕೊಂಡು ಬಾ,” ಎಂದಳು.

ಲೈಬ್ರರಿಯಿಂದ ಪುಸ್ತಕಗಳನ್ನು ತಂದು, ಮೂರು ತಿಂಗಳು ಕೂತು ಬರೆದಳು. ದೀಪಾವಳಿಯ ಮಾರನೆಯ ದಿನ ತಂದು ನನ್ನ ಕೈಯಲ್ಲಿಟ್ಟಳು. ನಾನು ಒಂದು ಪುಟ ತಿರುಗಿಸಿ, “ಅಕ್ಷರ ಲಾಯ್ಕುಂಟು ಮಾರಾಯ್ತಿ,” ಎಂದೆ.

ನಾನು ಶಾಲೆ ಬಿಟ್ಟದ್ದು ಏಳನೆಯ ಕ್ಲಾಸಿನಲ್ಲಿ. ಯಾರೂ ಬಿಡಿಸಿದ್ದಲ್ಲ, ನನಗೇ ಬೇಡವಾಯಿತು. ಅಪ್ಪ ಉಡುಪಿಯ ಸುತ್ತಮುತ್ತ ಮದುವೆ ಮುಂಜಿಗಳ ಅಡುಗೆ ಮಾಡುವವರು. ಅವರ ಹಿಂದೆ ಹೋಗಿ ತೆಂಗಿನಕಾಯಿ ಹೆರೆಯುತ್ತ ಕೂರುವುದು ನನಗೆ ಲೆಕ್ಕದ ಮಾಸ್ತರರ ಎದುರು ನಿಲ್ಲುವುದಕ್ಕಿಂತ ಎಷ್ಟೋ ಸುಖವಾಗಿ ಕಂಡಿತು. ನನಗಿಂತ ಐದು ವರ್ಷ ಚಿಕ್ಕವಳಾದ ವಿಮಲಾ ಶಾಲೆಯಿಂದ ನೇರ ಅಡುಗೆಯ ಚಪ್ಪರಕ್ಕೆ ಬರುತ್ತಿದ್ದಳು. ನಾನು ಹೆರೆಮಣೆಯ ಮೇಲೆ. ಅವಳು ಎದುರಿಗೆ ಅಕ್ಕಿಮುಡಿಯ ಮೇಲೆ. ಪಾಠಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದಳು. ಸಮಾಜ, ವಿಜ್ಞಾನ, ಪದ್ಯ ಎಲ್ಲ. ನಾನು “ಹ್ಞೂಂ, ಮತ್ತೆ?” ಎನ್ನುತ್ತಿದ್ದೆ. ಹಾಗೆ ನೋಡಿದರೆ ಹತ್ತನೆಯ ಕ್ಲಾಸಿನ ತನಕ ನನ್ನ ಕಿವಿ ಶಾಲೆಗೆ ಹೋಗಿದೆ. ಕಣ್ಣು ಮಾತ್ರ ಏಳಕ್ಕೇ ನಿಂತಿತು.

ಈಗಲೂ ಓದಬೇಕೆಂದರೆ ಸಾಲಿನ ಕೆಳಗೆ ಬೆರಳಿಡಬೇಕು, ತುಟಿ ಅಲ್ಲಾಡಬೇಕು. ಉದ್ದದ ಪದ ಬಂದರೆ ಘಾಟಿ ಹತ್ತುವ ಬಸ್ಸಿನಂತೆ ಗೇರು ಬದಲಿಸಬೇಕು. ಬರೆಯುವುದು ನನಗೆ ಓದುವುದಕ್ಕಿಂತ ಸುಲಭ. ಬರೆಯುವಾಗ ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುತ್ತದೆ.

ಇನ್ನು ಓದದ್ದಕ್ಕೆ ನನ್ನ ನೆವ ಹೇಳುತ್ತೇನೆ. ಅದು ನೆವ ಎಂಬುದು ನನಗೂ ಗೊತ್ತು. ಚಿಕ್ಕಂದಿನಿಂದ ಓದುವವಳು ಅವಳು, ಕೇಳುವವಳು ನಾನು. ಈ ಪುಸ್ತಕವನ್ನೂ ಒಂದು ದಿನ ಅವಳೇ ಬಂದು ಕೂತು ಓದುತ್ತಾಳೆ ಎಂದು ನನ್ನ ಮನಸ್ಸಿನೊಳಗೆ ಎಲ್ಲೋ ಇತ್ತು. ನಾನು ಅದಕ್ಕೆ ಕಾಯುತ್ತಿದ್ದೆ. ಅವಳೋ, ಅಕ್ಕ ಓದುತ್ತಿದ್ದಾಳೆ ಎಂದು ಕಾಯುತ್ತಿದ್ದಳು.

ಕಾಯುವಷ್ಟು ದಿನ ಪುಸ್ತಕ ಖಾಲಿ ಕೂರಲಿಲ್ಲ. ನಾನಿರುವುದು ಯೂನಿಯನ್ ಸಿಟಿಯಲ್ಲಿ, ಬಾರ್ಟ್ ಎಂಬ ಲೋಕಲ್ ರೈಲಿನ ಸ್ಟೇಷನ್ನಿನ ಹತ್ತಿರದ ಒಂದು ರೂಮಿನ ಅಪಾರ್ಟ್‌ಮೆಂಟಿನಲ್ಲಿ. ಬೆಂಗಳೂರಿನ ಒಬ್ಬ ಹೆಂಗಸು ಮನೆಯಲ್ಲೇ ನಡೆಸುವ ಡೇಕೇರಿನಲ್ಲಿ ನನಗೆ ಅಡುಗೆ ಕೆಲಸ. ಹನ್ನೆರಡು ಮಕ್ಕಳಿಗೆ ದಿನಾ ಅನ್ನ, ತಿಳಿಸಾರು, ಮೊಸರನ್ನ, ಶುಕ್ರವಾರ ಇಡ್ಲಿ. ಗುರುವಾರ ರಾತ್ರಿ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳವನ್ನು ಎತ್ತುತ್ತದೆ. ಅದರ ಮೇಲೆ ಒಂದು ಭಾರ ಬೇಕು. ನೀಲಿ ಪುಸ್ತಕ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನವೆಂಬರ್, ಡಿಸೆಂಬರ್ ಎರಡು ತಿಂಗಳು ಅದು ಇಡ್ಲಿಹಿಟ್ಟಿನ ಮೇಲೆ ಕೂತು ಸೇವೆ ಮಾಡಿತು. ಅದರೊಳಗೆ ಏನಿದೆಯೆಂದು ನನಗೆ ಗೊತ್ತಿರಲಿಲ್ಲ. ತೂಕ ಮಾತ್ರ ಚೆನ್ನಾಗಿ ಗೊತ್ತಿತ್ತು.

ಹೊರಡುವ ವಾರ ವಿಮಲಾ ಫೋನು ಮಾಡಿದಳು. “ಓದಿದಿಯಾ?”

“ಓದಿದೆ.”

“ಪೂರ್ತಿ?”

“ಎರಡು ಸಲ ಓದಿದೆ ಮಾರಾಯ್ತಿ.”

“ಆಯ್ತು, ಹಾಗಾದ್ರೆ ಅಲ್ಲಿಯೇ ಮಾತಾಡುವ,” ಎಂದಳು. ದನಿ ಮೆತ್ತಗಾಗಿತ್ತು. ಶೀತ ಎಂದುಕೊಂಡೆ.

ಪುಸ್ತಕ ಮನೆಯಲ್ಲೇ ಉಳಿಯಿತು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ, ಬೆಲ್ಲ, ಸಾರಿನಪುಡಿ ಹಿಡಿಸಿದವು. ವಿಮಾನದಲ್ಲಿ “ಪುಸ್ತಕ ತಂದಿದ್ದೀಯಾ?” ಎಂದು ಅವಳು ಕೇಳಿದಾಗ ನನ್ನ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದೆ. ಎಲ್ಲ ಇಲ್ಲುಂಟು ಎಂಬಂತೆ. ಈಗ ನೆನೆದರೆ ಆ ಬೆರಳನ್ನು ಯಾರಾದರೂ ಬಾಗಿಲಿಗೆ ಸಿಕ್ಕಿಸಬೇಕಿತ್ತು ಅನ್ನಿಸುತ್ತದೆ.

ಜನವರಿಯ ಕೊರ್ದೊಬಾ ನನಗೆ ಬಹಳ ಹಿಡಿಸಿತು. ಬೆಳಿಗ್ಗೆ ನದಿಯ ಮೇಲೆ ಮಂಜು, ಹತ್ತು ಗಂಟೆಗೆ ಬಿಸಿಲು, ಆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಮುದುಕರು. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದ ಓಣಿಗಳು. ಸುಣ್ಣ ಬಳಿದ ಮನೆಗಳು. ಒಳಗೆ ಮಾತ್ರ ವಿಪರೀತ ಚಳಿ. ಬೇಸಿಗೆಗೆಂದು ಕಟ್ಟಿದ ಮನೆಗಳವು. ನಾವು ಇಳಿದುಕೊಂಡ ಮನೆಯ ಒಡತಿ ಒಂದು ದುಂಡು ಮೇಜು ತೋರಿಸಿದಳು. ನೆಲ ಮುಟ್ಟುವ ದಪ್ಪ ಬಟ್ಟೆ ಹೊದ್ದ ಮೇಜು, ಅದರ ಅಡಿಯಲ್ಲೊಂದು ಹೀಟರು. ಬಟ್ಟೆ ಎತ್ತಿ ಕಾಲನ್ನು ಒಳಗೆ ತೂರಿಸಿ ಕೂತರೆ ಸೊಂಟದಿಂದ ಕೆಳಗೆ ಬಚ್ಚಲೊಲೆಯ ಸುಖ, ಮೂಗು ಮಾತ್ರ ಐಸು. ಸಂಜೆಯಾದರೆ ನಾವಿಬ್ಬರೂ ಆ ಮೇಜಿಗೆ ಕಾಲು ಕೊಟ್ಟು ಕೂರುವುದು.

ವಿಮಲಾಳಿಗೆ ಸ್ಪ್ಯಾನಿಷ್ ಬರುತ್ತದೆ. ಆದರೆ ಕಲಿತದ್ದು ಲ್ಯಾಬಿನಲ್ಲಿ. ‘ಮುಷ್ಟಿ ಬಿಗಿ ಹಿಡಿಯಿರಿ’, ‘ಸ್ವಲ್ಪ ಚುಚ್ಚುತ್ತದೆ’, ‘ಆಯಿತು, ಇಲ್ಲಿ ಒತ್ತಿಕೊಳ್ಳಿ’, ಇಷ್ಟನ್ನು ಅವಳು ಸುಲಲಿತವಾಗಿ ಹೇಳಬಲ್ಲಳು. ಹೋಟೆಲಿನವನು ಬಿಸಿ ತಟ್ಟೆಯನ್ನು ಬರಿಗೈಯಲ್ಲಿ ತಂದಾಗ ಅವಳು ಅಭ್ಯಾಸಬಲದಿಂದ ‘ನೋವಾಗುತ್ತಿದೆಯೇ?’ ಎಂದು ಕೇಳಿಬಿಟ್ಟಳು. ಅವನು ಗಾಬರಿಯಾಗಿ ತಟ್ಟೆಯನ್ನೇ ನೋಡಿದ. ತಟ್ಟೆಯಲ್ಲಿ ಇದ್ದದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಪಾಕ ಸುರಿದದ್ದು. ನಾಲಿಗೆಗೆ ತಾಗಿದ ಕೂಡಲೇ ನನಗೆ ಗೊತ್ತಾಯಿತು, ಜೋನಿಬೆಲ್ಲ! ಬದನೆ ಪೋಡಿಗೆ ಜೋನಿಬೆಲ್ಲ ಹಾಕುವ ಬುದ್ಧಿ ನಮ್ಮ ಅಪ್ಪನಿಗೂ ಹೊಳೆದಿರಲಿಲ್ಲ. ನಾಲ್ಕು ದಿನದಲ್ಲಿ ಐದು ತಟ್ಟೆ ತಿಂದೆವು.

ಎರಡನೆಯ ದಿನ ದೊಡ್ಡ ಮಸೀದಿಗೆ ಹೋದೆವು. ಒಂದು ಕಾಲಕ್ಕೆ ಮಸೀದಿ, ಆಮೇಲೆ ಅದರ ಹೊಟ್ಟೆಯೊಳಗೇ ಇಗರ್ಜಿ ಕಟ್ಟಿದ್ದಾರೆ. ಬಾಗಿಲಲ್ಲಿ ವಿಮಲಾ ಹೇಳಿದಳು, “ನಾನು ಎಂತದೂ ಹೇಳುವುದಿಲ್ಲ ಅಕ್ಕ. ನೀನು ಓದಿದ್ದಿ ಅಲ್ವಾ, ನಿನ್ನಷ್ಟಕ್ಕೆ ನೋಡು. ನಾನು ಮಾತಾಡಿ ಹಾಳು ಮಾಡುವುದಿಲ್ಲ.”

ಒಳಗೆ ಕಾಲಿಟ್ಟರೆ ಕಂಬಗಳು. ಎಷ್ಟು ನಡೆದರೂ ಮುಗಿಯದ ಕಂಬಗಳು. ಮೇಲೆ ಒಂದರ ಮೇಲೊಂದು ಕೂತ ಕೆಂಪು ಬಿಳಿ ಪಟ್ಟೆಯ ಕಮಾನುಗಳು. ಯಾರು ಕಟ್ಟಿದ್ದು, ಯಾವಾಗ ಕಟ್ಟಿದ್ದು ಒಂದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದವರು ಕೆಳಗೆ ನೋಡುತ್ತಾರೆ. ನಾನೂ ಕಂಬಗಳ ಬುಡವನ್ನೇ ನೋಡುತ್ತ ನಡೆದೆ. ನೋಡಿದರೆ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಒಂದು ನುಣುಪು, ಒಂದಕ್ಕೆ ತಿರುಚಿದ ಗೀರು, ಒಂದು ಕಪ್ಪು, ಒಂದು ಗುಲಾಬಿ. ಒಂದರ ಕೆಳಗೆ ಮಣೆಯಿದೆ, ಇನ್ನೊಂದಕ್ಕೆ ಇಲ್ಲ. ನನಗೆ ಅಪ್ಪನ ಅಡುಗೆಚಪ್ಪರ ನೆನಪಾಯಿತು. ಹತ್ತು ಮನೆಯಿಂದ ಎರವಲು ತಂದ ಹಂಡೆಗಳು. ಒಂದು ಗಿಡ್ಡ, ಒಂದು ಎತ್ತರ. ಗಿಡ್ಡದ ಕೆಳಗೆ ಕಲ್ಲು ಕೊಟ್ಟು ಅಪ್ಪ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದರು.

“ವಿಮಲಾ,” ಎಂದೆ, “ಇವರು ಇದನ್ನೆಲ್ಲ ಬೇರೆಬೇರೆ ಕಡೆಯಿಂದ ಎರವಲು ತಂದ ಹಾಗುಂಟಲ್ಲ?”

ಅವಳು ಅಲ್ಲಿಯೇ ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು. “ಹದಿನೆಂಟನೇ ಪುಟ! ಹಳೇ ಕಟ್ಟಡಗಳ ಕಂಬ ತಂದು ನಿಲ್ಲಿಸಿದ್ದು ಅಂತ ಬರೆದಿದ್ದೆ. ಅಕ್ಕ, ನೀನು ನಿಜವಾಗಿಯೂ ಓದಿದ್ದಿ! ನನಗೆ ಒಳಗೊಳಗೆ ಸಂಶಯ ಇತ್ತು ಗೊತ್ತುಂಟಾ?”

ಆಗ ಹೇಳಬಹುದಿತ್ತು. ಅವಳ ಮುಖ ನೋಡಿ ಹೇಳಲಿಲ್ಲ. ಸುಳ್ಳಲ್ಲೂ ಪಾಸಾದ ಸಂತೋಷ ಬೇರೆ. ಏಳನೆಯ ಕ್ಲಾಸಿನ ನಂತರ ನನಗೆ ಯಾರೂ ಮಾರ್ಕು ಕೊಟ್ಟಿರಲಿಲ್ಲ ನೋಡಿ.

ಹೊರಗೆ ಬಂದರೆ ಕಿತ್ತಳೆ ಮರಗಳ ಅಂಗಳ. ಸಾಲು ಸಾಲು ಮರ, ಮರದ ತುಂಬ ಹಣ್ಣು, ಬುಡದಿಂದ ಬುಡಕ್ಕೆ ನೀರು ಹರಿಯಲು ಕಲ್ಲಿನ ಕಾಲುವೆ. ಚಳಿಗಾಲದಲ್ಲಿ ಆ ಊರಿನ ಬೀದಿಬೀದಿಯಲ್ಲೂ ಇದೇ ಹಣ್ಣು. ಬಿದ್ದರೂ ಯಾರೂ ಹೆಕ್ಕುವುದಿಲ್ಲ. ಒಂದನ್ನು ಎತ್ತಿ ಉಗುರಿನಿಂದ ಗೀರಿ ಮೂಸಿದೆ. ನಮ್ಮ ಹೇರಳೆಕಾಯಿಯ ವಾಸನೆ! ನಾಲಿಗೆಗೆ ತಾಗಿಸಿದೆ. ಅದೇ ಕಹಿ, ಅದೇ ಹುಳಿ. ಅಮೆರಿಕಕ್ಕೆ ಬಂದ ಮೇಲೆ ಹೇರಳೆಕಾಯಿಯ ಗೊಜ್ಜು ತಿಂದೇ ಇರಲಿಲ್ಲ. ಸೂಟ್‌ಕೇಸಿನಲ್ಲಿ ಬೆಲ್ಲ ಇದೆ, ಸಾರಿನಪುಡಿ ಇದೆ. ನನ್ನ ಮೈಯೆಲ್ಲ ಕಿತ್ತಳೆಯಾಯಿತು.

ವಿಮಲಾ ಕಾರಂಜಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಜಾಗವನ್ನು ಕೈಯಿಂದ ಒರೆಸಿ, “ಅಕ್ಕ, ಇಲ್ಲಿ ಬಾ, ಕೂತುಕೋ,” ಎಂದಳು.

ಕೂತೆ.

“ಇದೇ ಆ ಜಾಗ.”

“ಹ್ಞಾ, ಹೌದು,” ಎಂದೆ. ಕಣ್ಣು ಮಾತ್ರ ಆ ಕಡೆ ಬುಟ್ಟಿಗೆ ಹಣ್ಣು ತುಂಬುತ್ತಿದ್ದ ತೋಟದ ಕೆಲಸದವನ ಮೇಲೆ.

“ಎಂತ ಹೇಳ್ತಿ?”

“ಹೇಳ್ಲಿಕ್ಕೆ ಎಂತ ಉಂಟು? ಒಳ್ಳೇ ಗೊಜ್ಜು ಮಾಡಬಹುದು.”

ಅವಳು ಕೈಚೀಲದಿಂದ ಕನ್ನಡಕದ ಬಟ್ಟೆ ತೆಗೆದು ಕನ್ನಡಕ ಒರೆಸಿದಳು. ತುಂಬ ಹೊತ್ತು ಒರೆಸಿದಳು. “ಆಯ್ತು ಬಿಡು,” ಎಂದಳು. “ಗೊಜ್ಜು ಮಾಡುವ.”

ನಾನು ಆಗಲೇ ಎದ್ದಿದ್ದೆ. ಕೆಲಸದವನ ಹತ್ತಿರ ಕೈಸನ್ನೆಯಲ್ಲಿ ಕೇಳಿದೆ. ಅವನು ಮುಖ ಹಿಂಡಿ, ನಾಲಿಗೆ ಹೊರಚಾಚಿ, ಇದು ತಿನ್ನುವ ಹಣ್ಣಲ್ಲ ಅಜ್ಜಿ ಎಂದು ಸನ್ನೆಯಲ್ಲೇ ಹೇಳಿದ. ನಾನು ಬಿಡಲಿಲ್ಲ. ಏಳು ಹಣ್ಣು ಕೊಟ್ಟ. ಸೆರಗಿನಲ್ಲಿ ಕಟ್ಟಿಕೊಂಡು ಗೆದ್ದವಳ ಹಾಗೆ ಬಂದೆ. ವಿಮಲಾ ಇನ್ನೂ ಕಟ್ಟೆಯ ಮೇಲೆಯೇ ಇದ್ದಳು.

ಆ ಸಂಜೆ ಗೊಜ್ಜು ಚೆನ್ನಾಗಿಯೇ ಆಯಿತು. ಒಂದೇ ಬಟ್ಟೆಯೊಳಗೆ ನಾಲ್ಕು ಕಾಲಿಟ್ಟುಕೊಂಡು, ಅನ್ನಕ್ಕೆ ಕಲಸಿ ತಿಂದೆವು. ಅವಳು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. “ಕಹಿಯಾಯ್ತಾ?” ಎಂದೆ. “ಇಲ್ಲ ಅಕ್ಕ, ಸರಿ ಉಂಟು,” ಎಂದಳು. ಉಳಿದ ಎರಡು ದಿನ ಅವಳು ಪುಟದ ನಂಬರು ಹೇಳಲೇ ಇಲ್ಲ. ನನಗೆ ಹಾಯೆನಿಸಿತು. ಹಳೆಯ ಸೇತುವೆಯ ಮೇಲೆ ಅವಳ ಕೈ ಹಿಡಿದು ಆಚೆಗೂ ಈಚೆಗೂ ನಡೆದೆ, ಬಿಸಿಲಿಗೆ ಕೂತೆ, ಬದನೆಕಾಯಿ ತಿಂದೆ. ಜೀವನದಲ್ಲಿ ನಾನು ಇಷ್ಟು ಸಂತೋಷವಾಗಿ ಎಲ್ಲಿಯೂ ತಿರುಗಿಲ್ಲ. ಅದನ್ನು ಅವಳಿಗೆ ಹೇಳಿದೆನೋ ಎಂದರೆ ಅದೂ ಇಲ್ಲ.

ಏಪ್ರಿಲ್‌ನಲ್ಲಿ ನಿಶಾ ಫೋನು ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅರ್ಧ. “ದೊಡ್ಡಮ್ಮ, ಅಮ್ಮ ಈಸ್ ಮೂವಿಂಗ್ ಹಿಯರ್. ಜೂನ್‌ನಲ್ಲಿ. ಮನೆ ಸೇಲ್‌ಗೆ ಹಾಕ್ತಾರೆ. ಶಿ ಡಿಡಂಟ್ ಟೆಲ್ ಯೂ?”

ಹೇಳಿರಲಿಲ್ಲ. “ಒಳ್ಳೇದಾಯ್ತು ಮಗಾ, ನಿನ್ನ ಹತ್ತಿರ ಇದ್ದರೆ ಒಳ್ಳೇದೇ,” ಎಂದೆ. ಫೋನು ಇಟ್ಟ ಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

“ಅಂಡ್ ದೊಡ್ಡಮ್ಮ, ಆ ಬ್ಲೂ ಬುಕ್ಕು ಉಂಟಲ್ಲ, ಐ ವಾಂಟ್ ಟು ಸ್ಕ್ಯಾನ್ ಇಟ್. ಅಮ್ಮನ ಹ್ಯಾಂಡ್‌ರೈಟಿಂಗು ಅಲ್ವಾ,” ಎಂದೂ ಫೋನಿಡುವ ಮೊದಲು ಅವಳು ಹೇಳಿದ್ದಳು.

ಪುಸ್ತಕ ಹಿಂದಕ್ಕೆ ಕೊಡುವ ಮೊದಲು ಒರೆಸಬೇಕಿತ್ತು. ರಟ್ಟಿನ ಮೇಲೆ ಹಿಟ್ಟಿನ ಉಂಗುರ, ಅರಸಿನದ ಬೆರಳಚ್ಚು. ಹಾಗೆಯೇ, ನಾಲ್ಕು ಪುಟವಾದರೂ ಓದಿಟ್ಟುಕೊಳ್ಳೋಣ, ವಿಮಲಾ ಹೋಗುವ ಮೊದಲು ಏನಾದರೂ ಕೇಳಿದರೆ ಎಂದು ಡೇಕೇರಿಗೆ ಒಯ್ದೆ. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ಕಿಟಕಿಯ ಹತ್ತಿರ ಕೂತು ಬೆರಳಿಟ್ಟು ಓದತೊಡಗಿದೆ. ದಿನಕ್ಕೆ ನಾಲ್ಕೈದು ಪುಟ. ಎಂಥ ಪುಸ್ತಕ ಅದು! ರಾಜರ ಕಥೆಯ ನಡುವೆ ನನಗೆಂದೇ ಬರೆದದ್ದು: ‘ಇಲ್ಲಿ ಮೆಟ್ಟಿಲು ಎತ್ತರ, ಎಡಗೈಯಲ್ಲಿ ಗೋಡೆ ಹಿಡಿ.’ ‘ಈ ಪದ ಉದ್ದ ಉಂಟು, ಬಿಡಿಸಿ ಬರೆದಿದ್ದೇನೆ.’ ನಿಜವಾಗಿಯೂ ಉದ್ದದ ಹೆಸರುಗಳನ್ನೆಲ್ಲ ತುಂಡು ತುಂಡು ಮಾಡಿ ಬರೆದಿದ್ದಳು. ನನ್ನ ಬೆರಳು ಎಲ್ಲಿ ಎಡವುತ್ತದೆಂದು ಅವಳಿಗೆ ಗೊತ್ತಿತ್ತು.

ಏಳನೆಯ ದಿನ ಮೂವತ್ತೊಂದನೆಯ ಪುಟ ಬಂತು. ಅದನ್ನು ಹಾಗೆಯೇ ಇಳಿಸುತ್ತೇನೆ:

‘ಅಕ್ಕ, ಇದು ಕಿತ್ತಳೆ ಮರಗಳ ಅಂಗಳ. ಕಾರಂಜಿಯ ಹತ್ತಿರ ಕಟ್ಟೆ ಉಂಟಂತೆ, ಅಲ್ಲಿ ಕೂತುಕೊಳ್ಳುವ. ಒಂದು ಮಾತು ಕೇಳಬೇಕೆಂದು ಎರಡು ವರ್ಷದಿಂದ ಉಂಟು, ಬಾಯಿ ಬರುವುದಿಲ್ಲ. ನೀನು ಮೊದಲು ನಮ್ಮ ಮನೆಯಿಂದ ಹೋದದ್ದು ಯಾಕೆಂದು ಆಗ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಇನ್ನು ನಾವಿಬ್ಬರೂ ಒಟ್ಟಿಗೆ ಇರುವ ಎಂದು ನನಗೆ ಆಸೆ. ನನ್ನಲ್ಲಾದರೂ ಸರಿ, ನಿನ್ನಲ್ಲಾದರೂ ಸರಿ. ಮನಸ್ಸಿದ್ದರೆ ಆ ಕಟ್ಟೆಯ ಮೇಲೆ ನೀನೇ ಮಾತು ತೆಗೆ. ಮನಸ್ಸಿಲ್ಲದಿದ್ದರೆ ಬೇರೆ ಏನಾದರೂ ಮಾತಾಡು. ನನಗೆ ತಿಳಿಯುತ್ತದೆ, ಬೇಸರ ಮಾಡುವುದಿಲ್ಲ.’

ಬೇರೆ ಏನಾದರೂ ಮಾತಾಡು. ನಾನು ಗೊಜ್ಜಿನ ಮಾತಾಡಿದೆ.

ಅವಳ ಮನೆಯಿಂದ ನಾನು ಹೋದದ್ದು ನಿಜ. ಊರಿನ ಹಾಸ್ಟೆಲ್ಲಿನ ಅಡುಗೆ ಬಿಟ್ಟು, ನನ್ನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಅವಳು ಹಾಕಿದ ಅರ್ಜಿ ಹದಿಮೂರು ವರ್ಷಕ್ಕೆ ಪಾಸಾಗಿ, ಇಲ್ಲಿಗೆ ಬಂದು ಮೂರು ವರ್ಷ ಅವಳ ಮನೆಯಲ್ಲಿದ್ದೆ. ಭಾವ ಒಳ್ಳೆಯವರು, ಆದರೆ ಒಗ್ಗರಣೆ ಹಾಕಿದರೆ ಸೀನುತ್ತ ಮನೆಯ ಕಿಟಕಿಗಳನ್ನೆಲ್ಲ ತೆರೆಯುವವರು. ಮದುವೆಮನೆಯ ಒಲೆಯ ಮುಂದೆ ಬೆಳೆದವಳಿಗೆ ಕದ್ದು ಒಗ್ಗರಣೆ ಹಾಕುವುದು ಕಷ್ಟವಾಯಿತು. ಕಾರಣ ಇಷ್ಟೇ. ಅದನ್ನೂ ಹೇಳದೆ ಬಂದೆ. ಹನ್ನೊಂದು ವರ್ಷ ಅವಳು ತನ್ನದೇ ಏನೋ ತಪ್ಪೆಂದು ಇಟ್ಟುಕೊಂಡಿದ್ದಳು.

ಎದ್ದು ಡೇಕೇರಿನವಳಿಗೆ, “ನಾನು ಈಗಲೇ ಡಬ್ಲಿನ್ನಿಗೆ ಹೋಗಬೇಕು,” ಎಂದೆ. ಅವಳು ನನ್ನ ಮುಖ ನೋಡಿ, “ಹೋಗಿ ಆಂಟಿ, ಸ್ನ್ಯಾಕ್ಸು ನಾನು ನೋಡ್ಕೋತೀನಿ,” ಎಂದಳು.

ನಮ್ಮ ಮನೆಗಳಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಎನ್ನುವ ಕ್ರಮವಿಲ್ಲ. ಒಂದು ಸೌಟು ಜಾಸ್ತಿ ಬಡಿಸುತ್ತಾರೆ, ಉಂಡವರು ತಿಳಿದುಕೊಳ್ಳಬೇಕು. ಅಪ್ಪ ಅಮ್ಮನನ್ನು ಬೈದ ದಿನ ಪಾಯಸ ಮಾಡುತ್ತಿದ್ದರು. ನಾನೂ ಅಷ್ಟು ವರ್ಷ ವಿಮಲಾಳ ಹತ್ತಿರ ಏನೇ ತಪ್ಪು ಮಾಡಿದರೂ ಡಬ್ಬಿಯಲ್ಲಿ ಏನಾದರೂ ತುಂಬಿಕೊಂಡು ಹೋಗುತ್ತಿದ್ದೆ. ಆ ದಿನವೂ ಕೈ ತನ್ನಷ್ಟಕ್ಕೆ ಡಬ್ಬಿ ಹುಡುಕಿತು. ಬೇಡ ಎಂದು ಖಾಲಿ ಕೈಯಲ್ಲೇ ಹೊರಟೆ. ಸ್ಟೇಷನ್ನಿಗೆ ಬಾ ಎಂದು ವಿಮಲಾಳಿಗೆ ಫೋನು ಮಾಡಿ, ಬಾರ್ಟ್ ಹತ್ತಿ, ಬೇಫೇರ್‌ನಲ್ಲಿ ಇಳಿದು ಬೇರೆ ಟ್ರೇನು ಹಿಡಿದೆ. ಹೇಳಬೇಕಾದ ಮಾತನ್ನು ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡಿದೆ. ಎದುರಿನ ಸೀಟಿನವಳು ಎದ್ದು ಬೇರೆ ಕಡೆ ಹೋಗಿ ಕೂತಳು.

ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ವಿಮಲಾ ಕಾರು ತಂದಿದ್ದಳು. ಬಾಗಿಲು ತೆರೆಯುವ ಮೊದಲೇ ಕೇಳಿದಳು, “ಎಂತಾಯ್ತು ಅಕ್ಕ? ಹುಷಾರುಂಟಾ? ಬಿ.ಪಿ.ಯಾ?”

“ಬಿ.ಪಿ. ಅಲ್ಲ. ಕಾರು ಬಿಡಬೇಡ, ಆಫ್ ಮಾಡು.” ಪುಸ್ತಕ ತೊಡೆಯ ಮೇಲಿಟ್ಟುಕೊಂಡೆ. “ಮೂವತ್ತೊಂದನೇ ಪುಟ ಓದಿದೆ.”

ಅವಳು ಸ್ಟೇರಿಂಗನ್ನೇ ನೋಡಿದಳು. “ಅದು ಆಯ್ತಲ್ಲ ಅಕ್ಕ. ನೀನು ಆವತ್ತೇ ಉತ್ತರ ಕೊಟ್ಟಿದ್ದಿ. ನಾನು ಬೇಸರ ಮಾಡಲಿಲ್ಲ.”

“ಇವತ್ತು ಓದಿದೆ ವಿಮಲಾ. ಇವತ್ತು ಮಧ್ಯಾಹ್ನ, ಒಂದೂವರೆ ಗಂಟೆಗೆ.”

ಸ್ವಲ್ಪ ಹೊತ್ತು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಕಡೆ ತಿರುಗಿ ಕೂತಳು. “ಮತ್ತೆ ಆ ಕಂಬ? ಹದಿನೆಂಟನೇ ಪುಟ?”

“ಅದು ನಾನೇ ಕಂಡದ್ದು.”

“ಸುಳ್ಳು!”

“ಅದೊಂದು ಮಾತ್ರ ನಿಜ.”

“ಗೊಜ್ಜು?”

“ಗೊಜ್ಜು ಅಂದರೆ ಗೊಜ್ಜೇ ಮಾರಾಯ್ತಿ. ನನ್ನ ತಲೆಯಲ್ಲಿ ಬೇರೆ ಎಂತದೂ ಇರಲಿಲ್ಲ.”

ಅವಳಿಗೆ ನಗು ಬಂತು. ನಗುವಿನ ನಡುವೆ ಅಳುವೂ ಬಂತು. ಕನ್ನಡಕ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಹಾಕಿದಳು. “ಮೂರು ತಿಂಗಳು ಅಕ್ಕ! ಮೂರು ತಿಂಗಳು ನಾನು ಎಷ್ಟು ಯೋಚನೆ ಮಾಡಿದ್ದೇನೆ ಗೊತ್ತುಂಟಾ ನಿನಗೆ? ನನ್ನ ಜೊತೆ ಇರಲಿಕ್ಕೆ ನಿನಗೆ ಅಷ್ಟು ಬೇಡವಾ ಅಂತ!”

ಟ್ರೇನಿನಲ್ಲಿ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು. ಅವಳ ಕೈ ಹಿಡಿದುಕೊಂಡೆ, ಬಾಯಿಗೆ ಬಂದಷ್ಟು ಹೇಳಿದೆ.

“ಬೇಕು ವಿಮಲಾ. ಜನವರಿಯಲ್ಲೂ ಬೇಕಿತ್ತು, ಅದಕ್ಕೂ ಮೊದಲು ಬೇಕಿತ್ತು. ಹನ್ನೊಂದು ವರ್ಷದ ಹಿಂದೆ ನಾನು ಹೋದದ್ದು ನಿನ್ನ ತಪ್ಪಿಗಲ್ಲ, ಒಗ್ಗರಣೆಗೆ. ಅದನ್ನು ನಿನಗೆ ಹೇಳಲಿಲ್ಲ. ನೀನು ನನಗೋಸ್ಕರ ಕೂತು ಬರೆದದ್ದನ್ನು ಓದಲಿಲ್ಲ, ಓದಿದೆ ಅಂತ ಸುಳ್ಳು ಹೇಳಿದೆ, ನಿನ್ನನ್ನು ಆ ಕಟ್ಟೆಯ ಮೇಲೆ ಒಬ್ಬಳೇ ಕೂರಿಸಿ ಎದ್ದುಹೋದೆ. ನನ್ನಿಂದ ತಪ್ಪಾಯ್ತು ಮಗಾ. ನನ್ನನ್ನು ಕ್ಷಮಿಸು.”